ಹೂರಣ ಸೋಸಿದ ಅರಿವಿ

ಮೂರನೆಯ ರೊಟ್ಟಿಯೂ ಅಂಚಿನಲ್ಲಿ ಹರಿದಾಗ ಪೀರಮ್ಮ ತಟ್ಟುವುದು ಬಿಟ್ಟು ಅದನ್ನು ಸುಮ್ಮನೆ ನೋಡುತ್ತ ಕೂತಳು. ಗುರುಗುಂಟಾದಿಂದ ಮದುವೆಯಾಗಿ ಮಸ್ಕಿಗೆ ಬಂದು ನಾಲ್ಕು ತಿಂಗಳಾಗಿತ್ತು. ಈ ನಾಲ್ಕು ತಿಂಗಳಲ್ಲಿ ಅವಳ ಕೈಯಿಂದ ಒಂದೇ ಒಂದು ರೊಟ್ಟಿ ದುಂಡಗೆ ಬಂದಿತ್ತು, ಅದನ್ನೂ ನಾಯಿ ಒಯ್ದಿತ್ತು. ಒಲೆಯ ಆಚೆ ಬದನೆಕಾಯಿ ಹೆಚ್ಚುತ್ತಿದ್ದ ಅತ್ತೆ ಅಮರಮ್ಮ ತಲೆ ಎತ್ತದೆ, "ಇವತ್ತಿಂದು ಯಾವ ತಾಲ್ಲೂಕು? ಮಾನ್ವಿ ಅಲ್ಲೇನು?" ಎಂದಳು. ಮಗ ಗ್ಯಾನಪ್ಪ ಸರಕಾರದಲ್ಲಿ ಹೊಲಗಳ ನಕ್ಷೆ ಇಳಿಸುವ, ಅಂದರೆ ಅಸಲಿನಿಂದ ನಕಲು ತೆಗೆಯುವ ನೌಕರ. ಅವನು ಮನೆಗೆ ತಂದ ಕಾಗದಗಳನ್ನು ನೋಡಿ ನೋಡಿ ಅಮರಮ್ಮನಿಗೆ ರಾಯಚೂರು ಜಿಲ್ಲೆಯ ತಾಲ್ಲೂಕುಗಳ ಆಕಾರ ಬಾಯಿಪಾಠವಾಗಿತ್ತು. ಮೊನ್ನೆ ದೇವದುರ್ಗ, ನಿನ್ನೆ ಸಿಂಧನೂರು. ಮೊದಲ ಸಲ ಅಂದಾಗ ಪೀರಮ್ಮನೂ ನಕ್ಕಿದ್ದಳು. ನಕ್ಕಿದ್ದೇ ತಪ್ಪಾಗಿತ್ತು. ಈಗ ಊಟಕ್ಕೆ ಕೂತಾಗ ಗಂಡನೂ ತಾಲ್ಲೂಕು ಮುರಿದುಕೊಂಡೇ ಉಣ್ಣುತ್ತಿದ್ದ. ಇದೇ ಹತ್ತು ಬೆರಳುಗಳು ತವರಿನಲ್ಲಿ ಎಂಥ ಕೌದಿ ಹೊಲಿದಿದ್ದವು. ಹಳೆಯ ಸೀರೆ, ಹಳೆಯ ಅಂಗಿಗಳ ನಾಲ್ಕುನೂರು ತುಂಡುಗಳನ್ನು ಕೂಡಿಸಿ, ಒಂದು ಹೊಲಿಗೆ ಇನ್ನೊಂದಕ್ಕಿಂತ ಜೋಳದ ಕಾಳಿನಷ್ಟೂ ಹೆಚ್ಚು ಕಡಿಮೆಯಾಗದ ಹಾಗೆ ಹೊಲಿದ ಕೌದಿಯನ್ನು ನೋಡಲು ಪಕ್ಕದ ಓಣಿಯವರು ಬಂದಿದ್ದರು. ಆದರೆ ಕೌದಿಯನ್ನು ಯಾರೂ ಉಣ್ಣುವುದಿಲ್ಲ. ಗಂಡನ ಮನೆಯಲ್ಲಿ ಸೂಜಿ ಹಿಡಿದ ಸೊಸೆ ಎಂದರೆ ಕೆಲಸ ತಪ್ಪಿಸಿಕೊಂಡ ಸೊಸೆ.

ಅವಳು ಬೇಕೆಂದೇ ಎಡಕ್ಕೆ ನೋಡುತ್ತಿರಲಿಲ್ಲ. ಎಡಗಡೆ ಗೋಡೆಯ ಗೂಟಕ್ಕೆ ಬೇಯಿಸಿದ ಕಡಲೆಬೇಳೆಯ ಗಂಟು ತೂಗುಬಿದ್ದಿತ್ತು. ಬೇಳೆ ಬೆಂದ ನೀರು, ಕಟ್ಟು, ಕೆಳಗಿನ ಪಾತ್ರೆಗೆ ಹನಿ ಹನಿಯಾಗಿ ಸೋರುತ್ತಿತ್ತು. ಇವತ್ತು ಮಧ್ಯಾಹ್ನ ಗಂಡನ ಮೇಲಿನ ಸಾಹೇಬರು ಜಿಲಾನಿಸಾಬ್ ಲಿಂಗಸುಗೂರಿನಿಂದ ಊಟಕ್ಕೆ ಬರುವವರಿದ್ದರು, ಹೋಳಿಗೆ ಅವರಿಗಾಗಿ. ಬೇಳೆ ಕಟ್ಟಿದ ಅರಿವೆ ಎಷ್ಟು ಮೆತ್ತಗಿತ್ತೆಂದರೆ ಒಂದು ಚೂರೂ ಕೆಳಗೆ ಇಳಿದಿರಲಿಲ್ಲ. ಮೊದಲು ಸೋಸಲು ಇದ್ದದ್ದು ಸತ್ತ ಮಾವನ ಧೋತರದ ತುಂಡು. ಮಾವ ಬದುಕಿದ್ದಾಗ ಏನನ್ನೂ ಹಿಡಿದಿಟ್ಟುಕೊಳ್ಳದ ಮನುಷ್ಯನಂತೆ, ಸತ್ತ ಮೇಲೆ ಅವನ ಧೋತರವೂ ಹಾಗೇ, ಅರ್ಧ ಬೇಳೆಯನ್ನು ಸಾರಿಗೆ ಬಿಡುತ್ತಿತ್ತು. ಲಡಾಯಿ ಸುರುವಾದಾಗಿನಿಂದ ಅಂಗಡಿಯಲ್ಲಿ ಮಲಮಲ್ ಎಂಬ ಮಾತೇ ಇರಲಿಲ್ಲ. ರೇಶನ್ ಚೀಟಿ ಇದ್ದವರಿಗೂ ಒರಟು ಬಟ್ಟೆ. ಗೂಟದ ಮೇಲಿನ ಗಂಟು ಅವಳ ಎಡಗೆನ್ನೆಗೆ ಒಲೆಗಿಂತ ಹೆಚ್ಚು ಬಿಸಿಯಾಗಿ ತಾಗುತ್ತಿತ್ತು.

ಹನ್ನೆರಡು ದಿನದ ಹಿಂದೆ ಗ್ಯಾನಪ್ಪ ಆ ಅರಿವೆಯನ್ನು ಲಿಂಗಸುಗೂರಿನಿಂದ ಸುರುಳಿ ಸುತ್ತಿಕೊಂಡು ತಂದಿದ್ದ. ನೀಲಿ ಹೊಳಪಿನ ಅರಿವೆ, ಗಾಜಿನಂತೆ ಆಚೆಯದು ಕಾಣುವಂಥದ್ದು, ಅದರ ಮೇಲೆ ಕರಿ ಮಸಿಯಲ್ಲಿ ನಕ್ಷೆಯ ಗೆರೆಗಳು. "ಮುಟ್ಟಬ್ಯಾಡ, ಸರಕಾರಿ" ಎಂದಿದ್ದ. ಕಚೇರಿಯ ಕೋಟು ಹಾಕಿಕೊಂಡಾಗ ತನ್ನನ್ನು ಕುರಿತೂ ಹಾಗೇ ಅನ್ನುತ್ತಿದ್ದ. ಅದನ್ನು ಪೆಟ್ಟಿಗೆಯಲ್ಲಿಟ್ಟವನು ಮತ್ತೆ ಮುಟ್ಟಲಿಲ್ಲ. ಪೀರಮ್ಮ ದಿನಾ ಮುಟ್ಟಿದಳು. ಅತ್ತೆ ಮಧ್ಯಾಹ್ನ ಮಲಗಿದಾಗ ತೆಗೆದು ಮಡಿಲ ಮೇಲೆ ಹರಡಿಕೊಳ್ಳುತ್ತಿದ್ದಳು. ಹಳ್ಳ ಒಂದು ಬಾತುಕೋಳಿಯ ಕತ್ತಿನಂತೆ ಬಾಗಿ ಬರುತ್ತಿತ್ತು, ಅದರ ಬದಿಗೆ ಹೊಲಗಳು ಒಂದರ ಪಕ್ಕ ಒಂದು, ಕೌದಿಯ ತುಂಡುಗಳಂತೆ. ಇದನ್ನು ಯಾರು ಕೂಡಿಸಿದರೋ ಅವರಿಗೆ ಹೊಲಿಗೆ ಗೊತ್ತಿತ್ತು. ಎಂಟನೆಯ ದಿನ ಒದ್ದೆ ಬೆರಳು ತಾಗಿತು. ಬೆರಳ ಕೆಳಗೆ ಆ ಗಾಜಿನಂಥ ಗಂಜಿ ಕರಗಿ, ಎಳೆಕೂಸಿನ ಕಿವಿಯಂಥ ಮೆತ್ತನೆಯ ಬಿಳಿ ಅರಿವೆ ಬಂದಿತು. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಇಡೀ ಒಂದು ದಿನ ತೆಗೆದುಕೊಂಡಿದ್ದಳು ಕೂಡ. ಗಂಡನೇ ಅಂದಿದ್ದನಲ್ಲ, ಅಸಲು ಲಿಂಗಸುಗೂರಿನಲ್ಲೈತಿ, ಇದು ಬರೇ ನಕಲು ಅಂತ. ದಿನಾ ನೋಡುವವಳಿಗಿಂತ ಒಂದು ದಿನವೂ ನೋಡದವನಿಗೆ ಅದರ ಮೇಲೆ ಹೆಚ್ಚಿನ ಹಕ್ಕು ಹೇಗೆ? ಮರುದಿನ ಅತ್ತೆ ಕರಿಬಸಯ್ಯನವರ ಮಠಕ್ಕೆ ಹೋದಾಗ ಅಂಟವಾಳದ ನೊರೆಯಲ್ಲಿ ಅದನ್ನು ಅದ್ದಿದಳು. ಮೊದಲು ಹಳ್ಳ ಕರಗಿತು, ಆಮೇಲೆ ಹೊಲಗಳು. ಅರ್ಧ ಕರಗಿದಾಗ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಬಾಯಿ ತೆರೆದುಕೊಂಡು ನೋಡಿದಳು.

ಈಗ ಅಮರಮ್ಮ ನೀರು ತರಲು ಹಿತ್ತಲಿಗೆ ಹೋದಳು. ಅದೇ ಹೊತ್ತಿಗೆ ಒಳಮನೆಯಲ್ಲಿ ಪೆಟ್ಟಿಗೆಯ ಮುಚ್ಚಳ ಎರಡು ಸಲ ತೆರೆದ ಸಪ್ಪಳವಾಗಿ, ಗ್ಯಾನಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ಕೋಟಿನ ಒಂದೇ ತೋಳು ಹಾಕಿಕೊಂಡಿದ್ದ.

"ಪೆಟ್ಟಿಗ್ಯಾಗಿನ ನಕ್ಷಾ ಎಲ್ಲೈತಿ?"

ಪೀರಮ್ಮ ಹಿಟ್ಟಿನ ಕೈಯಿಂದ ಗೂಟದ ಕಡೆ ತೋರಿಸಿದಳು. ಅವನು ಗೂಟ ನೋಡಿದ, ಗೂಟದ ಹಿಂದಿನ ಗೋಡೆ ನೋಡಿದ, ಮೇಲಿನ ಜಂತಿ ನೋಡಿದ.

"ಎಲ್ಲಿ?"

"ಅದ."

"ಅದು ಬ್ಯಾಳಿ."

"ಬ್ಯಾಳಿ ಸುತ್ತ ಇರೋದು."

ಅವನು ಒರಳಿನ ಮೇಲೆ ಕೂತುಬಿಟ್ಟ. ಒದರಿದ್ದರೆ ಅಳಬಹುದಿತ್ತು, ಅಳುವುದು ಸುಲಭದ ದಾರಿ. ಅವನು ಒದರಲಿಲ್ಲ. ಸತ್ತವರ ಸುದ್ದಿ ಹೇಳುವ ದನಿಯಲ್ಲಿ ಒಂದೊಂದೇ ಹೇಳಿದ: ಜಿಲಾನಿಸಾಬರು ಬರುವುದು ಬರೇ ಊಟಕ್ಕಲ್ಲ. ಊಟ ಮುಗಿಸಿ ಇದೇ ನಕ್ಷೆ ಹಿಡಿದು ಹಳ್ಳದ ದಂಡೆಗೆ ಹೋಗಿ, ಅಂಬಪ್ಪನ ಹೊಲಕ್ಕೂ ಲಾಲ್‌ಬೀಯ ಹೊಲಕ್ಕೂ ನಡುವೆ ಗಡಿಯ ಕಲ್ಲು ಹಾಕಿಸುತ್ತಾರೆ. ಅಲ್ಲಿದ್ದ ಹಳೆಯ ಕಲ್ಲುಗಳನ್ನು ಯಾರೋ ಕಿತ್ತು ಆರು ವರ್ಷವಾಗಿದೆ. ಇಬ್ಬರೂ ಕಾಯುತ್ತಿದ್ದಾರೆ. ಲಿಂಗಸುಗೂರಿಗೆ ಹೋಗಿ ಇನ್ನೊಂದು ಇಳಿಸಿಕೊಂಡು ಬರಲು ನಾಲ್ಕು ದಿನ ಬೇಕು, ಈಗ ಇರುವುದು ಮೂರು ತಾಸು.

"ನಾ ಕಸ ಅಂತ ತಿಳಕೊಂಡಿದ್ದೆ" ಎಂದಳು ಪೀರಮ್ಮ.

ಅವನು ನಂಬಿದ. ಅಷ್ಟು ಬೇಗ ನಂಬಿದ್ದು ಅವಳಿಗೆ ಚುಚ್ಚಿತು. ಇವಳಿಗೆ ಅಷ್ಟೂ ತಿಳಿಯುವುದಿಲ್ಲ ಎಂದು ಅವನು ಮೊದಲೇ ತೀರ್ಮಾನಿಸಿಕೊಂಡಿದ್ದನಲ್ಲ.

ಅವನ ಚೀಲದಲ್ಲಿ ಅಂಥದೇ ಅರಿವೆಯ ಖಾಲಿ ತುಂಡೊಂದಿತ್ತು, ಮಸಿ ಇತ್ತು, ಬರೆಯಲು ಸಣ್ಣ ಮೂತಿಯ ಟಾಕು ಇತ್ತು. ಒಳಮನೆಯಲ್ಲಿ ಮಣೆಯ ಮೇಲೆ ಹರಡಿಕೊಂಡು ಕೂತ. ಹಳ್ಳ ಎಲ್ಲಿಂದ ಬರುತ್ತದೆ ಎಂಬುದೇ ಅವನಿಗೆ ನೆನಪಾಗಲಿಲ್ಲ. ಮೂಡಣದಿಂದಲೋ ಪಡುವಣದಿಂದಲೋ. "ನಾ ಎಂದೂ ನೋಡಿದ್ದಿಲ್ಲ. ಇಳಿಸಿದ್ದು ಅಷ್ಟ" ಎಂದ. ಮೂರು ದಿನ ಒಂದೇ ಸಮನೆ ಅದರ ಮೇಲೆ ಬಗ್ಗಿ ಕೂತಿದ್ದ ಮನುಷ್ಯ. ನಾಲ್ಕು ತಿಂಗಳಿಂದ ತನ್ನ ಮೇಲೂ ಹೀಗೇ ಬಗ್ಗುತ್ತಾನಲ್ಲ, ಕಣ್ಣು ಮುಚ್ಚಿ ಕೇಳಿದರೆ ತನ್ನ ಮೂಗು ಯಾವ ಕಡೆ ಐತಿ ಅಂತ ಹೇಳಿಯಾನೇ ಎಂದು ಪೀರಮ್ಮನಿಗೆ ಅನ್ನಿಸಿ, ಅಂಥ ಹೊತ್ತಿನಲ್ಲೂ ನಗು ಬಂದಿತು. ಕೈ ತೊಳೆದು ಬಂದು, "ಕೊಡ್ರಿ ಇತ್ತ" ಎಂದಳು.

ಅಡುಗೆಮನೆಯಲ್ಲಿ ಅಮರಮ್ಮ, ಸೊಸೆಗೆ ಕೈ ನೋವು, ರೊಟ್ಟಿ ನೀನೇ ತಟ್ಟು ಎಂದು ಮಗ ಹೇಳಿದ್ದನ್ನು ಕೇಳಿ, "ಬ್ಯಾನಿ ಆಕಿ ಕೈಗಲ್ಲ, ಹಿಟ್ಟಿಗೆ ಬಂದೈತಿ" ಎಂದು ಗೊಣಗಿ ಕೂತಳು. ಬಾಗಿಲ ಹಿಂದೆ ಪೀರಮ್ಮ ಹಳ್ಳ ಎಳೆದಳು. ಬಾತುಕೋಳಿಯ ಕತ್ತು ಒಂದೇ ಉಸಿರಿನಲ್ಲಿ ಬಂದಿತು. ಆಮೇಲೆ ಬನ್ನಿಗಿಡದ ಗುರುತು, ದಾರಿ, ಏಳು ಹೊಲ. ಎಲ್ಲಿ ಎಷ್ಟು ಗೇಣು, ಎಷ್ಟು ಬೆರಳು ಎಂಬುದು ಅವಳಿಗೆ ಕಣ್ಣಿನಲ್ಲಲ್ಲ, ಮಡಿಲಲ್ಲಿ ನೆನಪಿತ್ತು. ಯಾವುದು ಎಡಮೊಣಕಾಲಿನ ಮೇಲೆ ಬರುತ್ತಿತ್ತು, ಯಾವುದು ತೊಡೆಯ ಮೇಲೆ. ಗ್ಯಾನಪ್ಪ ಮಗ್ಗುಲಲ್ಲಿ ಕೂತು ಉರ್ದು ಅಂಕಿಗಳನ್ನು ತುಂಬುತ್ತಿದ್ದ. ಅವು ಮಾತ್ರ ಅವನಿಗೆ ನೆನಪಿದ್ದವು. ಮದುವೆಯಾದ ಮೇಲೆ ಇಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಇದು, ಅದೂ ಕಳ್ಳಕೆಲಸ. ಅವನು ಅಂಕಿಯೊಂದಕ್ಕೆ ಎರಡು ಸಲ ಬಾಗಿಲ ಕಡೆ ನೋಡುತ್ತಿದ್ದ, ಅವಳು ತಲೆ ಎತ್ತಲಿಲ್ಲ. ಖುಷಿಯಾಗಿತ್ತು ಅವಳಿಗೆ. ನಾಲ್ಕು ತಿಂಗಳಲ್ಲಿ ಇಂಥ ಖುಷಿ ಆಗಿರಲಿಲ್ಲ. ಗಂಡನ ನೌಕರಿ ಹೋಗುವ ಹೊತ್ತಿನಲ್ಲಿ ಖುಷಿಪಡುವ ಹೆಂಗಸು ಎಂಥವಳಿರಬೇಕು ಎಂದುಕೊಂಡು, ಟಾಕನ್ನು ಮತ್ತೆ ಮಸಿಗೆ ಅದ್ದಿದಳು.

ಉಳಿದದ್ದು ಒಂದೇ ಗೆರೆ, ಬನ್ನಿಗಿಡದಿಂದ ಬಾವಿಯ ಕಡೆಗೆ ಬರುವುದು, ಅಂಬಪ್ಪ ಮತ್ತು ಲಾಲ್‌ಬೀ ನಡುವಿನದು. ಅಲ್ಲಿಗೆ ಬಂದು ಕೈ ನಿಂತಿತು. ಅದು ದಿನಾ ಮಡಿಲಿನ ಮಡಿಕೆಯಲ್ಲಿ ಅಡಗಿರುತ್ತಿತ್ತು, ಅವಳು ಸರಿಯಾಗಿ ನೋಡಿರಲಿಲ್ಲ. ನೋಡಲೆಂದು ಬಿಡಿಸಿದ ದಿನ ಒದ್ದೆ ಬೆರಳು ತಾಗಿದ್ದೂ ಅಲ್ಲೇ. "ನೆಟ್ಟಗ ಎಳಿ" ಎಂದ ಗ್ಯಾನಪ್ಪ, ಹೊರಗೆ ಗಾಡಿಯ ಸಪ್ಪಳಕ್ಕೆ ಕಿವಿಗೊಟ್ಟು. ನೆಟ್ಟಗೆ ಎಳೆದರೆ ಚೆಂದ ಕೆಡುತ್ತಿತ್ತು. ಎಲ್ಲ ಗೆರೆಗಳೂ ಹಳ್ಳದ ಜೊತೆ ಬಳುಕುತ್ತ ಬರುವಾಗ ಇದೊಂದು ಬಡಿಗೆಯಂತೆ ನಿಲ್ಲುವುದೇ? ಅವಳು ಅದನ್ನು ಹಳ್ಳದ ಬಾಗಿಗೆ ಹೊಂದಿಸಿ ಬಳುಕಿಸಿದಳು. ಬಾವಿಯ ಹತ್ತಿರ ಬಂದು ಗೆರೆ ನವಿರಾಗಿ ಹೊರಳಿಕೊಂಡು ಹೋಯಿತು. ಇಡೀ ನಕ್ಷೆಯಲ್ಲಿ ಅಷ್ಟು ಚೆಂದದ ಗೆರೆ ಇನ್ನೊಂದಿರಲಿಲ್ಲ.

ಜಿಲಾನಿಸಾಬರ ಗಾಡಿಯ ಹಿಂದೆಯೇ ಲಾಲ್‌ಬೀ ನಡೆದು ಬಂದು ಕಟ್ಟೆಯ ತುದಿಗೆ ಕೂತಳು. ಐವತ್ತು ದಾಟಿದ ಒಣಕಲು ಹೆಂಗಸು, ಗಂಡ ಇಲ್ಲ, ಮಕ್ಕಳಿಲ್ಲ, ಹಳ್ಳದ ದಂಡೆಯ ಆ ತುಂಡು ಹೊಲದಲ್ಲಿ ಅದೇ ಬಾವಿಯ ನೀರಿಗೆ ಬದನೆ, ಉಳ್ಳಾಗಡ್ಡಿ ಬೆಳೆದು ಓಣಿ ಓಣಿ ಮಾರುತ್ತಿದ್ದಳು. ಇವತ್ತಿನ ಬದನೆಕಾಯಿಯೂ ಅವಳದೇ. ಒಂದು ಸಲ ಅತ್ತೆ ಇಲ್ಲದಾಗ ಪೀರಮ್ಮ ಬಾಗಿಲ ಚೌಕಟ್ಟಿನಲ್ಲಿ ಕೂತು ಕೌದಿಯ ತುಂಡು ಜೋಡಿಸುತ್ತಿದ್ದುದನ್ನು ನೋಡಿ, ಮರುದಿನ ತನ್ನ ನಿಕಾಹದ ಕೆಂಪು ರೇಷ್ಮೆಯ ಚೂರೊಂದನ್ನು ತಂದು, "ನಡುವಿಗೆ ಹಾಕು, ಮೂಲಿಗೆ ಹಾಕಬ್ಯಾಡ" ಎಂದು ಹೇಳಿ ಕೊಟ್ಟಿದ್ದಳು. ಈ ಊರಿನಲ್ಲಿ ಪೀರಮ್ಮನ ಸೂಜಿಯನ್ನು ಕಂಡು ಮಾತಾಡಿದವಳು ಅವಳೊಬ್ಬಳೇ.

ಸಾಹೇಬರಿಗೆ ಪಡಸಾಲೆಯಲ್ಲಿ ಮುತ್ತುಗದ ಎಲೆ ಹಾಕಿದರು. ಯಾವ ತಾಟಿನಲ್ಲಿ ಬಡಿಸುವುದು, ಆಮೇಲೆ ಆ ತಾಟನ್ನು ಏನು ಮಾಡುವುದು ಎಂದು ಅಮರಮ್ಮ ಎರಡು ದಿನ ನಿದ್ದೆಗೆಟ್ಟು, ಕೊನೆಗೆ ಎಲೆಯೇ ಸೈ ಎಂದು ತೀರ್ಮಾನಿಸಿದ್ದಳು. ಎಲೆ ಯಾಕೆಂದು ಜಿಲಾನಿಸಾಬರಿಗೆ ಗೊತ್ತಿತ್ತು, ಗೊತ್ತಿದ್ದೂ ಅದರ ಮೇಲೆ ತುಪ್ಪ ಚೆನ್ನಾಗಿ ನಿಲ್ಲುತ್ತದೆ ಎಂದು ಹೊಗಳಿದರು. ದೊಡ್ಡ ಹೊಟ್ಟೆಯ, ಮೆಹಂದಿ ಗಡ್ಡದ ಮನುಷ್ಯ. ಐದನೆಯ ಹೋಳಿಗೆಗೆ ಕೈ ಹಾಕಿ, "ಹೂರಣ ರೇಷ್ಮಿ ಆಗೇತಿ ನೋಡ್ರಿ. ಯಾವುದ್ರಾಗ ಸೋಸೀರಿ?" ಎಂದರು.

"ನಮ್ಮ ಸೊಸಿ ಎಲ್ಲಿಂದಲೋ ಹೊಸ ಅರಿವಿ ತಂದಾಳ್ರಿ" ಎಂದಳು ಅಮರಮ್ಮ. ನಾಲ್ಕು ತಿಂಗಳಲ್ಲಿ ಮೊದಲ ಸಲ ಸೊಸೆಯ ಬಗ್ಗೆ ಒಳ್ಳೆಯ ಮಾತಾಡಿದ್ದಳು, ಅದೂ ಇದೇ ಮಾತಾಗಬೇಕೆ. ಎದುರಿಗೆ ಕೂತಿದ್ದ ಗ್ಯಾನಪ್ಪ ಎತ್ತಿದ ತುತ್ತನ್ನು ಮತ್ತೆ ಕೆಳಗಿಟ್ಟ. ಬಾಗಿಲ ಸಂದಿಯಿಂದ ಪೀರಮ್ಮ ಅವನ ಕೈಯನ್ನೇ ನೋಡುತ್ತಿದ್ದಳು.

ಏಳು ಹೋಳಿಗೆಯಾದ ಮೇಲೆ ಜಿಲಾನಿಸಾಬರು ಕೈ ತೊಳೆದು, ಕನ್ನಡಕ ಏರಿಸಿ, ನಕ್ಷೆ ಬಿಚ್ಚಿದರು. ಬಹಳ ಹೊತ್ತು ನೋಡಿದರು.

"ಗ್ಯಾನಪ್ಪ, ಇದು ನಿನ್ನ ಕೈ ಅಲ್ಲ."

"ನನ್ನದರಿ."

"ನಿನ್ನ ಗೆರಿ ಅಂಜಿ ಅಂಜಿ ಹೋಗತಾವು. ಇವು ಅಂಜಿಲ್ಲ."

ಗ್ಯಾನಪ್ಪ ಒಂದೇ ಸಲ ಬಾಗಿಲ ಕಡೆ ನೋಡಿ ಕಣ್ಣು ಕೆಳಗೆ ಹಾಕಿದ. ಅವನು ಹೆಸರು ಹೇಳುವುದಿಲ್ಲ, ಹಾಗೇ ಬಗ್ಗಿ ಕೂತು ನೌಕರಿ ಕಳೆದುಕೊಳ್ಳುತ್ತಾನೆ ಎಂಬುದು ಪೀರಮ್ಮನಿಗೆ ತಿಳಿಯಿತು. ಇದು ಒಳ್ಳೆಯತನವೋ ಹೇಡಿತನವೋ ನೋಡುತ್ತ ನಿಲ್ಲಲು ಪುರಸತ್ತಿರಲಿಲ್ಲ. ಗೂಟದಿಂದ ಅರಿವೆ ಎಳೆದುಕೊಂಡು, ಸೆರಗು ಹೊದ್ದು ಹೊರಗೆ ಬಂದಳು. ಅರಿವೆ ಅರಿಶಿಣದ ಬಣ್ಣಕ್ಕೆ ತಿರುಗಿತ್ತು, ಮೂಲೆಯಲ್ಲಿ ಎರಡು ಬೇಳೆ ಅಂಟಿಕೊಂಡಿದ್ದವು.

"ಇದು ನಾ ಬರದಿದ್ದರಿ. ಮೊದಲಿಂದು ಇದರ ಮ್ಯಾಲಿತ್ತು. ತೊಳದೆ."

"ಕಸ ಅಂತ ತಿಳಕೊಂಡಿದ್ದಳ್ರಿ" ಎಂದ ಗ್ಯಾನಪ್ಪ ಅವಸರದಿಂದ. ಅವಳು ಅದನ್ನು ಹಾಗೇ ಬಿಟ್ಟಳು.

ಅಮರಮ್ಮ ಗೋಡೆ ಹಿಡಿದುಕೊಂಡಳು. ಜಿಲಾನಿಸಾಬರು ಸಿಟ್ಟಿಗೇಳಲು ಬಾಯಿ ತೆರೆದರು, ಅಷ್ಟರಲ್ಲಿ ತೇಗು ಬಂದಿತು. ಏಲಕ್ಕಿ, ತುಪ್ಪ, ಹೂರಣ ಎಲ್ಲ ಸೇರಿದ ದೊಡ್ಡ ತೇಗು. ಅದಾದ ಮೇಲೆ ಸಿಟ್ಟಿಗೆ ಮೊದಲಿನ ತೂಕ ಉಳಿಯಲಿಲ್ಲ. ಅರಿವೆ ಇಸಿದುಕೊಂಡು ಮೂಸಿ ನೋಡಿದರು. "ಸರಕಾರದ ಹೊಲ ಹೊಟ್ಯಾಗ ಹಾಕ್ಕೊಂಡೆ ಅನ್ರಿ ನಾನು." ಆಮೇಲೆ ಅಂಗಳಕ್ಕಿಳಿದು ಅದನ್ನು ಬಿಸಿಲಿಗೆ ಹಿಡಿದರು. ಗೆರೆ ಒಂದೂ ಇರಲಿಲ್ಲ, ಆದರೆ ಕಲ್ಲು ಇರುವ ಕಡೆಯೆಲ್ಲ ನಕ್ಷೆ ಇಳಿಸುವಾಗ ಸೂಜಿ ಚುಚ್ಚಿ ಗುರುತು ಮಾಡಿರುತ್ತಾರೆ. ಆ ತೂತುಗಳು ಉಳಿದಿದ್ದವು. ಹೊಸ ನಕ್ಷೆಯ ಮೇಲೆ ಅರಿವೆ ಹಾಸಿ ಗ್ಯಾನಪ್ಪನಿಗೆ ಆ ತುದಿ ಎಳೆದು ಹಿಡಿ ಎಂದರು. ತೂತುಗಳು ಒಂದೊಂದಾಗಿ ಅವಳು ಎಳೆದ ಮೂಲೆಗಳ ಮೇಲೆ ಬಂದು ಕೂತವು. ಬಾವಿಯ ಹತ್ತಿರದ್ದು ಕೂಡಲಿಲ್ಲ.

"ಬಾವಿ ಅಂಬಪ್ಪನ ಕಡೆ ಹೋಗೇತಲ್ಲ" ಎಂದರು.

ಕಟ್ಟೆಯ ತುದಿಯಲ್ಲಿ ಲಾಲ್‌ಬೀ ಎದ್ದು ನಿಂತಳು.

"ತೊಳದ ಅರಿವಿ ಆ ಮಗ್ಗುಲಿಗೆ ಕುಗ್ಗೇತ್ರಿ, ಅದಕ್ಕ ಹಂಗ ಕಾಣತೈತಿ" ಎಂದ ಗ್ಯಾನಪ್ಪ. ಮಾತಿನಲ್ಲಿ ನ್ಯಾಯವಿತ್ತು. ಜಿಲಾನಿಸಾಬರು ತಲೆ ಆಡಿಸಿದರು, ಹೌದು, ಕುಗ್ಗಿದ ಅರಿವೆ ಸಾಕ್ಷಿಗೆ ಬರುವುದಿಲ್ಲ. ಇನ್ನೊಂದು ಮಾತಾಡದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಕ್ಷೆ ಉಳಿಯುತ್ತಿತ್ತು, ನೌಕರಿ ಉಳಿಯುತ್ತಿತ್ತು, ಆ ಚೆಂದದ ಗೆರೆ ಉಳಿದು ಸಂಜೆಗೆ ಕಲ್ಲಾಗಿ ನಿಲ್ಲುತ್ತಿತ್ತು. ಪೀರಮ್ಮನಿಗೆ ಅದು ನಿಲ್ಲಲಿ ಎಂದು ಆಸೆಯಾಯಿತು. ನಿಜವಾಗಿ ಆಸೆಯಾಯಿತು. ಯಾರದೋ ಬಾವಿಗಿಂತ ತನ್ನ ಗೆರೆ ಮೇಲಾಗಿ ಕಂಡ ಆ ಗಳಿಗೆ ಅವಳಿಗೇ ಹೇಸಿಕೆ ತಂದಿತು.

"ಕುಗ್ಗಿದರೂ ಎಳಿ ಕಡಿಮಿ ಆಗಂಗಿಲ್ರಿ" ಎಂದಳು. "ಎರಡೂ ಒಂದ ತಾನಿನ್ಯಾಗ ಕತ್ತರಿಸಿದ ಅರಿವಿ. ತೂತಿನಿಂದ ತೂತಿಗೆ ಎಳಿ ಎಣಿಸಿದ್ರ ತಿಳೀತೈತಿ."

ಸೂಜಿ ತಂದು ಅಂಗಳದ ಬಿಸಿಲಿನಲ್ಲಿ ಕೂತು, ಮೊನೆಯಿಂದ ಒಂದೊಂದೇ ಎಳೆ ಸರಿಸುತ್ತ ಎಣಿಸಿದಳು. ಉಳಿದ ನಾಲ್ವರೂ ನಿಂತು ನೋಡಿದರು. ಅಮರಮ್ಮ ಗೊತ್ತಿಲ್ಲದೆಯೇ ಸೊಸೆಯ ತಲೆಯ ಮೇಲೆ ನೆರಳು ಬೀಳುವಂತೆ ನಿಂತಿದ್ದಳು. ಹಳೆಯ ಅರಿವೆಯಲ್ಲಿ ಬನ್ನಿಗಿಡದಿಂದ ಕಲ್ಲಿಗೆ ನೂರಾ ಹದಿನೆಂಟು ಎಳೆ. ಹೊಸದರಲ್ಲಿ ಅವಳ ಗೆರೆಯ ತುದಿಗೆ ನೂರಾ ನಲವತ್ತೊಂದು.

"ನನ್ನದ ತಪ್ಪೈತ್ರಿ."

"ಯಾಕ ಹಂಗ ಎಳದಿ?" ಎಂದರು ಸಾಹೇಬರು.

"ಚೆಂದ ಕಾಣಲಿ ಅಂತ."

ಜಿಲಾನಿಸಾಬರು ಕನ್ನಡಕ ತೆಗೆದು ಅವಳನ್ನು ನೋಡಿದರು. ಮೂವತ್ತು ವರ್ಷದ ನೌಕರಿಯಲ್ಲಿ ಲಂಚಕ್ಕೆ ಸರಿದ ಗಡಿ ನೋಡಿದ್ದೇನೆ, ಹೆದರಿಕೆಗೆ ಸರಿದದ್ದು ನೋಡಿದ್ದೇನೆ, ಚೆಂದಕ್ಕೆ ಸರಿದದ್ದು ಇದೇ ಮೊದಲು ಎಂದರು. ಚಾಕು ಕೊಟ್ಟು ಆ ಗೆರೆ ಕೆರೆಯಲು ಹೇಳಿದರು. ಅವಳು ಕೆರೆದಳು. ನೂರಾ ಹದಿನೆಂಟು ಎಣಿಸಿ, ನೆಟ್ಟಗೆ ಎಳೆದಳು. ಬಡಿಗೆಯಂತೆ ನಿಂತಿತು, ಅವಳು ಹೆದರಿದ್ದ ಹಾಗೆಯೇ. ಸಾಹೇಬರು ನಕ್ಷೆಯ ಬುಡದಲ್ಲಿ, ಇಳಿಸಿದವನು ಗ್ಯಾನಪ್ಪ ಎಂದು ಉರ್ದುವಿನಲ್ಲಿ ಬರೆದು, ಆ ಹಳದಿ ಅರಿವೆಯನ್ನೂ ಮಡಿಚಿ ಜೇಬಿನಲ್ಲಿಟ್ಟುಕೊಂಡರು, ಯಾರಾದರೂ ತಕರಾರು ತೆಗೆದರೆ ಬೇಕಾಗುತ್ತದೆ ಎಂದು. ಗ್ಯಾನಪ್ಪನಿಗೆ, "ನಿಂದು ಆಮ್ಯಾಲ ಮಾತಾಡೋಣ" ಎಂದಷ್ಟೇ ಅಂದರು. ಆ ಆಮೇಲೆ ಎಂದು ಬರುತ್ತದೋ ಎಂದು ಅವನ ಮುಖ ಕಪ್ಪಾಯಿತು.

ಗಾಡಿ ಹೂಡಿದರು. ಮುಂದೆ ಸಾಹೇಬರು, ಅವರ ಮಗ್ಗುಲಲ್ಲಿ ಕೋಟಿನ ಎರಡೂ ತೋಳು ಹಾಕಿಕೊಂಡ ಗ್ಯಾನಪ್ಪ. ಲಾಲ್‌ಬೀ ಹಿಂದೆ ಹುಲ್ಲಿನ ಮೇಲೆ ಹತ್ತಿ ಕೂತಳು. ಪೀರಮ್ಮ ಗಾಡಿಯ ತನಕ ಹೋಗಿ ಸಣ್ಣ ದನಿಯಲ್ಲಿ, "ಅದು ಕಸ ಅಲ್ಲ ಅನ್ನೋದು ನನಗ ಗೊತ್ತಿತ್ತು, ಲಾಲ್‌ಬೀ. ಗೊತ್ತಿದ್ದ ತೊಳದೆ" ಎಂದಳು. ಹೇಳಬೇಕಾದವನು ಮುಂದೆ ಕೂತಿದ್ದ, ಅವನಿಗೆ ಹೇಳುವ ಧೈರ್ಯ ಇರಲಿಲ್ಲ.

ಲಾಲ್‌ಬೀ ಸೆರಗಿನಿಂದ ಕಾಲಿನ ಧೂಳು ಒರೆಸಿಕೊಳ್ಳುತ್ತ, "ಬಾವಿ ಹೋಗಿದ್ರ ನಾ ಏನೂ ಅಂತಿದ್ದಿಲ್ಲ" ಎಂದಳು. "ಬುಟ್ಟಿ ತಗೊಂಡು ಬಂದು ನಿಮ್ಮ ಕಟ್ಟಿ ಮ್ಯಾಲ ಕುಂಡ್ರತಿದ್ದೆ. ಬದನಿಗಿಡಕ್ಕೆಲ್ಲ ನೀ ದಿನಾ ಎರಡು ಹೊತ್ತು ನೀರು ಹೊರತಿದ್ದಿ, ನಾ ಸಾಯೋ ತನಕ." ನಗದೆ ಹೇಳಿದಳು. ಆಮೇಲೆ ಹುಲ್ಲಿನ ಮೇಲೆ ಸ್ವಲ್ಪ ಸರಿದು, "ಹಳ್ಳ ನೋಡೀಯೇನು ಎಂದಾರ?" ಎಂದು ಕೇಳಿದಳು.

ಪೀರಮ್ಮ ನೋಡಿರಲಿಲ್ಲ. ಮಸ್ಕಿಗೆ ಬಂದ ಮೇಲೆ ಅವಳು ನೋಡಿದ್ದು ಹಿತ್ತಲು, ಒಲೆ ಮತ್ತು ಮಠದ ದಾರಿ. ಅವಳು ಗಾಡಿಯ ಹಿಂಬದಿ ಹಿಡಿದು, ಒಂದು ಕಾಲು ಗಾಲಿಯ ಕೀಲಿನ ಮೇಲಿಟ್ಟು ಮೇಲೆ ಹತ್ತಿದಳು. ಗ್ಯಾನಪ್ಪ ತಿರುಗಿ ನೋಡಿದ, ಸಾಹೇಬರನ್ನು ನೋಡಿದ, ಯಾರ ಅಪ್ಪಣೆ ಕೇಳಬೇಕೆಂದು ತಿಳಿಯದೆ ಎತ್ತಿನ ಬಾಲ ನೋಡಿದ. ಬಾಗಿಲಲ್ಲಿ ಅಮರಮ್ಮ ನಿಂತಿದ್ದಳು.

"ಎಲ್ಲಿಗೆ ಹೊಂಟಿ?"

"ಹಳ್ಳಕ್ಕ ರೀ. ಕಲ್ಲು ಸರಿ ಹಾಕ್ತಾರೋ ಇಲ್ಲೋ ನೋಡಬೇಕು."

ಅಮರಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಬೈಗುಳಕ್ಕೆ ಕಾದು ಪೀರಮ್ಮ ಹುಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸೀರಿಗೆ ಹಿಟ್ಟು ಹತ್ತೇತಿ, ಕೊಡವಿಕೋ" ಎಂದಳು ಅಮರಮ್ಮ. "ಮಂದಿ ನೋಡ್ತಾರ."